ಬಟ್ಟೆ ಒಣಗಿಸುವ ತಂತಿ

ಕಟ್ಟಡದ ಸಂಘದ ಕಾರ್ಯದರ್ಶಿಯ ಎರಡನೇ ಏಟಿಗೆ ವೈರ್‌ಮನ್ ನೀರಿನ ತೊಟ್ಟಿಯ ಗೋಡೆಗೆ ಬಡಿದು ಕುಸಿದು ಕೂತ. ಮೊದಲನೆಯದು ಕೆನ್ನೆಗೆ ಬಿದ್ದಿತ್ತು, ಇದು ಕಿವಿಗೆ. ತುಟಿ ಒಡೆದು ರಕ್ತ ಗಲ್ಲದಿಂದ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಲೈಟ್ ಹಾಕು ಅಂದ್ರೆ ಹೆಂಗಸರನ್ನ ಸಾಯ್ಸೋಕೆ ಬಂದಿದೀಯೇನೋ?"

"ನಾನು ಹೋಲ್ಡರ್ ಬದಲಾಯ್ಸಿದ್ದು ಅಷ್ಟೇ ಸಾರ್. ಆ ತಂತಿಗೂ ನನಗೂ ಸಂಬಂಧಾನೇ ಇಲ್ಲ."

ಆಗಷ್ಟೇ ತಾರಸಿಯ ಬಾಗಿಲಿಗೆ ಬಂದು ನಿಂತಿದ್ದ ಲಿಫ್ಟ್ ಮೆಕ್ಯಾನಿಕ್‌ಗೆ ಇದು ಅಪ್ಪಟ ನಿಜವೆಂದು ಗೊತ್ತಿತ್ತು. ಅಲ್ಲಿ ಸೇರಿದ್ದ ಏಳೆಂಟು ಜನರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ತಂತಿ ಅವನದು.

ಅವನ ಬಳಿ ಹವ್ಯಾಸಿಗಳು ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಇತ್ತು. ಅದಕ್ಕೆ ಸರ್ಕಾರ ಲೈಸೆನ್ಸ್ ಕೊಟ್ಟಿತ್ತು, ಕಟ್ಟಡದ ಸಂಘ ಕೊಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಅವನು ತಾರಸಿಯಲ್ಲಿ ನಿಲ್ಲಿಸಿದ್ದ ಆಂಟೆನಾ ಕಂಬವನ್ನು ಇದೇ ಕಾರ್ಯದರ್ಶಿ ಗರಗಸದಿಂದ ಕೊಯ್ಯಿಸಿ, ತಾರಸಿಯಲ್ಲಿ ಬಟ್ಟೆ ಒಣಗಿಸುವ ತಂತಿ ಬಿಟ್ಟು ಬೇರೇನೂ ಇರಕೂಡದೆಂದು ನಿಯಮ ಬರೆಸಿದ್ದ. ಮತ್ತೆ ಆಂಟೆನಾ ಕಂಡರೆ ಬಾಡಿಗೆ ಮನೆ ಖಾಲಿ ಮಾಡಬೇಕು. ಸರಿ, ಬಟ್ಟೆ ಒಣಗಿಸುವ ತಂತಿ ತಾನೇ ಎಂದು ಮೆಕ್ಯಾನಿಕ್ ಲಿಫ್ಟಿನ ಕೋಣೆಯಿಂದ ತೊಟ್ಟಿಯವರೆಗೆ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ ಬಿಗಿದ. ಅದರಿಂದ ಒಂದು ಕೇಬಲ್ ನೀರಿನ ಪೈಪಿನ ಮರೆಯಲ್ಲಿ ಅವನ ಕಿಟಕಿಗೆ ಇಳಿಯಿತು. ದಿನಾ ಬೆಳಿಗ್ಗೆ ಅವನು ರೇಡಿಯೋ ಮುಂದೆ ಕೂರುವ ಮೊದಲು ಹೆಂಡತಿ ಮೇಲೆ ಹೋಗಿ ಒಗೆಯದ ದುಪ್ಪಟಿಯೊಂದನ್ನು ತಂತಿಯ ತುದಿ ಮುಚ್ಚುವಂತೆ ಹರವಿ ಬರುತ್ತಿದ್ದಳು. ಒದ್ದೆ ಬಟ್ಟೆ ಹಾಕಿದರೆ ಸಿಗ್ನಲ್ ಹಾಳು. ನಿಮ್ಮ ಮನೆಯ ದುಪ್ಪಟಿ ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲವಲ್ಲ, ಯಾವ ಅಂಗಡಿಯದು ಎಂದು ಪಕ್ಕದ ಮನೆಯವರು ಕೇಳಿದ್ದೂ ಉಂಟು. ಗಂಡ ಹೆಂಡತಿ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಇಡೀ ದಿನ ಲಿಫ್ಟಿನ ಅಡಿಯ ಹೊಂಡಗಳಲ್ಲಿ ಗ್ರೀಸು ಮೆತ್ತಿಕೊಳ್ಳುವವನಿಗೆ ಬೆಳಗಿನ ಆ ಅರ್ಧ ಗಂಟೆಯೇ ಬದುಕು. ಮುಖ ನೋಡದ ಜನ, ಸಮುದ್ರದಾಚೆಯವರು, ಅವನ ಕರೆಗೆ ಓಗೊಡುತ್ತಿದ್ದರು. ಕಟ್ಟಡದಲ್ಲಿ ಮಾತ್ರ ಅವನಿಗೆ ನಮಸ್ಕಾರ ಹೇಳುವವರೂ ಇರಲಿಲ್ಲ.

ನಿನ್ನೆ ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು. ಇವತ್ತು ದುಪ್ಪಟಿ ಇವನೇ ಹಾಕಿದ. ಗಂಡಸು ಬಟ್ಟೆ ಹಾಕುವ ಚಂದ, ನಾಲ್ಕು ಮಡಿಕೆಯಾಗಿ ನಟ್ಟನಡುವೆ ನೇತುಹಾಕಿ ಇಳಿದುಬಂದ. ತೊಟ್ಟಿಯ ಕಡೆಯ ತುದಿ ಬರಿದಾಗಿ ಉಳಿಯಿತು. ರೇಡಿಯೋ ಮಾತಾಡುವಾಗ ಅಂಥ ತಂತಿ ಅತಿ ಹೆಚ್ಚು ಸುಡುವುದು ತುದಿಯಲ್ಲೇ, ಗಂಟು ಹಾಕಿದ ತಾಮ್ರ ಹೊದಿಕೆಯಿಲ್ಲದೆ ಇರುವುದೂ ಅಲ್ಲೇ. ಕಾರ್ಯದರ್ಶಿಯ ಹೆಂಡತಿ ಒದ್ದೆ ಸೀರೆ ಹರವಲು ಹಿಡಿದದ್ದು ಅದನ್ನೇ. ಅಂಗೈ ಚುರ್ರೆಂದಿತು, ಆಕೆ ಬೆಚ್ಚಿ ಹಿಂದಕ್ಕೆ ಬಿದ್ದಳು. ತೊಟ್ಟಿಯ ಸಿಮೆಂಟಿನ ಅಂಚು ತಲೆ ಸೀಳಿತು. ಮಗಳು ಆಕೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದಳು.

ಕೆಳಗೆ ಮನೆಯಲ್ಲಿ ರೇಡಿಯೋದ ಮೀಟರಿನ ಮುಳ್ಳು ಎಗರಿದಾಗಲೇ ಮೆಕ್ಯಾನಿಕ್‌ಗೆ ಯಾರೋ ತಂತಿ ಮುಟ್ಟಿದರೆಂದು ತಿಳಿದಿತ್ತು. ಚೀರಾಟವೂ ಕೇಳಿಸಿತ್ತು. ಆದರೂ ಅವನು ಮೊದಲು ರೇಡಿಯೋ ಬಿಚ್ಚಿ ಟ್ರಂಕಿನಲ್ಲಿಟ್ಟು, ಮೇಲೆ ಹಳೆಯ ಸ್ವೆಟರುಗಳನ್ನು ಮುಚ್ಚಿದ. ಆಮೇಲೆ ಮೆಟ್ಟಿಲು ಹತ್ತಿದ. ಅಷ್ಟರಲ್ಲಿ ಕಟ್ಟಡದವರು ಪಂಪಿನ ಮನೆಯಲ್ಲಿದ್ದ ವೈರ್‌ಮನ್ನನ್ನು ಕಾಲರ್ ಹಿಡಿದು ಮೇಲಕ್ಕೆ ಎಳೆತಂದಿದ್ದರು. ಹೋದ ವಾರ ತಾರಸಿಯ ದೀಪ ರಿಪೇರಿ ಮಾಡಿದ್ದೇ ಅವನ ತಪ್ಪು.

"ಟೆಸ್ಟರ್ ಇಟ್ಟು ತೋರಿಸ್ತೀನಿ ಸಾರ್." ವೈರ್‌ಮನ್ ಗೋಡೆ ಹಿಡಿದು ಎದ್ದ. ಟೆಸ್ಟರ್ ತಾಗಿಸಿದ. ಅದರ ದೀಪ ಹತ್ತಲಿಲ್ಲ. ಅದನ್ನು ಬಿಸಾಡಿ, ಬಲಗೈಯಿಂದ ಬರಿ ತಾಮ್ರವನ್ನೇ ಬಿಗಿಯಾಗಿ ಹಿಡಿದುಕೊಂಡ. "ನೋಡಿ, ಎಲ್ಲಿದೆ ಕರೆಂಟು? ಕರೆಂಟಿದ್ರೆ ನಾನು ನಿಂತಿರ್ತಿದ್ನಾ?"

ಮುಂದಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಹೇಳುವುದಿದ್ದರೆ ಮೆಕ್ಯಾನಿಕ್ ಆಗಲೇ ಹೇಳಬೇಕಿತ್ತು. ಮನೆ ನೆನಪಾಯಿತು, ಟ್ರಂಕು ನೆನಪಾಯಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತ.

"ಹಾಗಾದ್ರೆ ನನ್ನ ಹೆಂಡ್ತಿ ಸುಳ್ಳು ಹೇಳ್ತಾಳಾ?" ಕಾರ್ಯದರ್ಶಿಯ ದನಿ ಒಡೆದುಹೋಯಿತು. ಅವನ ಬನಿಯನ್ನಿನ ತುಂಬ ಹೆಂಡತಿಯ ರಕ್ತವೇ ಇತ್ತು. "ಅವಳ ಕೈ ಸುಟ್ಟು ಬೆಳ್ಳಗಾಗಿದೆ ಕಣೋ! ಏನೋ ಮಾಡಿ ಆಫ್ ಮಾಡ್ಕೊಂಡು ಬಂದು ನನ್ನೆದುರಿಗೇ ನಾಟಕ ಆಡ್ತೀಯಾ?"

ಮೂಲೆಯಲ್ಲಿದ್ದ ಕಬ್ಬಿಣದ ಪೈಪು ಅವನ ಕೈಗೆ ಯಾವಾಗ ಬಂತೋ. ಬೀಸಿದ ಮೊದಲ ಏಟು ಬೆನ್ನಿಗೆ ಬಿತ್ತು. ವೈರ್‌ಮನ್ ಬೀಳದಿರಲೆಂದು ಕೈಚಾಚಿ ತೊಟ್ಟಿಯ ಅಂಚನ್ನು ಹಿಡಿದ. ಎರಡನೆಯದು ಆ ಬೆರಳುಗಳ ಮೇಲೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು. ಅವನು ಕೂಗಲೂ ಇಲ್ಲ, ಬಾಯಿ ತೆರೆದುಕೊಂಡು ತನ್ನ ಕೈಯನ್ನೇ ನೋಡಿದ. ಇನ್ನಿಬ್ಬರು ಮುನ್ನುಗ್ಗಿ ಬಿದ್ದವನನ್ನು ಒದೆಯತೊಡಗಿದರು.

"ಬಿಡ್ರೋ! ಅದು ನನ್ನ ತಂತಿ!"

ಯಾರೂ ಕೇಳಿಸಿಕೊಳ್ಳಲಿಲ್ಲ. ಮೆಕ್ಯಾನಿಕ್ ಓಡಿಬಂದು ವೈರ್‌ಮನ್ ಮೇಲೆ ಅಡ್ಡ ಬಿದ್ದ. ಎರಡು ಒದೆ ಅವನ ಪಕ್ಕೆಗೆ ಬಿದ್ದವು. "ನಂದು, ನನ್ನ ರೇಡಿಯೋದ್ದು," ಎಂದು ಅರಚಿದ. "ನಾನು ಮಾತಾಡೋವಾಗ ಮಾತ್ರ ಸುಡುತ್ತೆ. ಇವನಿಗೇನೂ ಗೊತ್ತಿಲ್ಲ!"

ಆಮೇಲಿನದು ಬೇಗ ಮುಗಿಯಿತು. ಅವನನ್ನು ಮೆಟ್ಟಿಲ ಮೇಲೆ ಅವನ ಮನೆಯವರೆಗೆ ದರದರ ಎಳೆದುಕೊಂಡು ಹೋದರು. ಟ್ರಂಕನ್ನು ಬೋರಲು ಹಾಕಿ, ರೇಡಿಯೋವನ್ನು ಅದೇ ಪೈಪಿನಿಂದ ಜಜ್ಜಿದರು. ಡಬ್ಬಿ ಬಾಯಿಬಿಟ್ಟರೂ ಕಾರ್ಯದರ್ಶಿ ನಿಲ್ಲಿಸಲಿಲ್ಲ. ಹೊಡೆದೂ ಹೊಡೆದೂ ಸುಸ್ತಾಗಿ, ಅಲ್ಲೇ ನೆಲದ ಮೇಲೆ ಕೂತು ಅತ್ತ. ಮೆಕ್ಯಾನಿಕ್‌ಗೆ ಅಳು ಬರಲಿಲ್ಲ. ನಾಚಿಕೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಮೆಕ್ಯಾನಿಕ್ ಮತ್ತು ವೈರ್‌ಮನ್ ಪಕ್ಕಪಕ್ಕ ಕೂತಿದ್ದರು. ವೈರ್‌ಮನ್ ಊದಿದ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದ. ಹೆಸರು ಬರೆದ ಚೀಟಿ ಅವನ ತೊಡೆಯ ಮೇಲಿತ್ತು.

"ಅಣ್ಣಾ, ನೀವು ಮೇಲೆ ಬಂದಾಗ ಟೈಮ್ ಎಷ್ಟಾಗಿತ್ತು?"

ರೇಡಿಯೋ ಹಿಡಿದವನಿಗೆ ಗಳಿಗೆಗೊಮ್ಮೆ ಗಡಿಯಾರ ನೋಡುವ ಚಟ ಇರುತ್ತದೆ. ಸುಳ್ಳು ಹೇಳಬಹುದಿತ್ತು.

"ಏಳು ಮೂವತ್ತೊಂದು."

"ನಂದು ಅಂತ ಕೂಗಿದ್ದು?"

"ಮೂವತ್ತೈದು."

ವೈರ್‌ಮನ್ ತಲೆ ಆಡಿಸಿದ. ಎದುರು ಗೋಡೆ ನೋಡುತ್ತಲೇ ಕೇಳಿದ. "ನನ್ನ ಬೆರಳು?"

"ಮೂವತ್ತನಾಲ್ಕು," ಅಂದ ಮೆಕ್ಯಾನಿಕ್.

ಒಳಗಿನಿಂದ ನರ್ಸ್ ಕರೆದಳು. ಚೀಟಿ ಎತ್ತಿಕೊಡಲು ಮೆಕ್ಯಾನಿಕ್ ಕೈ ಚಾಚಿದ. ವೈರ್‌ಮನ್ ತೊಡೆಯನ್ನು ಆಚೆ ಸರಿಸಿಕೊಂಡ. ಬಗ್ಗಿ, ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎದ್ದು, ಭುಜದಿಂದ ಬಾಗಿಲು ತಳ್ಳಿ ಒಳಗೆ ಹೋದ.