ಬೊಗಳೆ ಅಂದವರು

ಉಳುವವನಿಗೇ ಹೊಲ ಎಂಬ ಕಾನೂನು ಬಂದ ವರ್ಷ. ಚಿಕ್ಕಜಾಜೂರಿನ ಟೀ ಅಂಗಡಿಯಲ್ಲಿ ಗೇಣಿದಾರ ಚಿತ್ತಯ್ಯ ಹೇಳಿದ: "ಈ ಸಲ ಗೌಡ್ರನ್ನ ಕೇಳಲ್ಲ. ನಾಳೆ ನಾನೇ ಬಿತ್ತುತೀನಿ."

"ಬೊಗಳೆ ಬಿಡಬ್ಯಾಡ ಕಣಲೇ," ಎಂದ ಪಾಪಣ್ಣ. ಬೆಂಚಿನವರೆಲ್ಲ ನಕ್ಕರು.

ಮೂಲೆಯಲ್ಲಿದ್ದ ಹೊಲದೊಡೆಯ ಗೌಡ ಮೀಸೆ ಒರೆಸಿಕೊಂಡ. "ಹೊಲಕ್ಕಿಳಿ. ಕಾಲು ಮುರಿತೀನಿ."

ಬರಿಗೈಲಿ ಚಿರತೆ ಕೊಂದೆನೆಂದು ದಿನಾ ಬಡಾಯಿ ಕೊಚ್ಚುವ ಬಾಯಿ ಅದು. ಚಿತ್ತಯ್ಯ ಇದನ್ನೂ ಬುರುಡೆ ಎಂದೇ ತಿಳಿದ. "ಚಿರತೆ ಕೊಂದ ಕೈ, ಹುಷಾರಾಗಿ ಹೊಡೀರಿ ಗೌಡ್ರೆ," ಎಂದು ಎದ್ದು ಹೋದ. ಉಳ್ಳವರ ಬಡಾಯಿಯ ಹಿಂದೆ ಕೊಡಲಿ ಇರುತ್ತದೆಂಬುದನ್ನು ಮರೆತಿದ್ದ.

ಮರುದಿನ ಕೂರಿಗೆ ಅರ್ಧ ಹೊಲ ಬಿತ್ತುವಷ್ಟರಲ್ಲಿ ಗೌಡನ ಆಳುಗಳು ಬಂದು ಕೊಡಲಿಯ ಹಿಂಬದಿಯಿಂದ ಬಡಿದರು. ಚಿತ್ತಯ್ಯನ ಮೊಣಕಾಲ ಚಿಪ್ಪು ಒಡೆದ ಸದ್ದಿಗೆ ಎತ್ತುಗಳು ಬೆದರಿದವು. ಕೂರಿಗೆಗೆ ಬೀಜ ಬಿಡುತ್ತಿದ್ದ ಹೆಂಡತಿ ಮುದ್ದಕ್ಕ ಅಡ್ಡ ಬಂದಳು. ಅವಳ ಹಲ್ಲುಗಳು ಬೀಜ ಬಿದ್ದ ಸಾಲಿನಲ್ಲೇ ಉದುರಿದವು.

"ಗೌಡ್ರು ಆಡಿದ ಮಾತಿಗೆ ತಪ್ಪಲ್ಲ ಬಿಡ್ರಿ," ಎಂದಿತು ಮಧ್ಯಾಹ್ನ ಅದೇ ಬೆಂಚು. ಗೌಡನೂ ಅಲ್ಲೇ ಕೂತು ನಗುತ್ತಿದ್ದ.

ಗಂಡನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿ ಮುದ್ದಕ್ಕ ಅಂಗಡಿಗೆ ಬಂದಳು. ರಕ್ತ ಉಗಿದು ಹೇಳಿದಳು: "ಅವರಾಡಿದ್ರೆ ಮಾತು, ನಾವಾಡಿದ್ರೆ ಬೊಗಳೆ. ಅಲ್ಲೇನಪ್ಪ ಪಾಪಣ್ಣ? ಇನ್ನೂ ಅರ್ಧ ಹೊಲ ಐತೆ. ಬೀಜ ಬಿಡಾಕೆ ನನಗೆ ಕೈ ಅವೆ. ಕೂರಿಗೆ ಹಿಡಿಯೋರು ಯಾರಾದ್ರೂ ಅದೀರಾ?"

ಪಾಪಣ್ಣ ಎದ್ದ.

"ಲೇ, ನಿನ್ನ ಕಾಲೂ..." ಎಂದು ಗೌಡ ಬಾಯಿ ತೆರೆದ. ಪಾಪಣ್ಣ ಕೈಯಲ್ಲಿದ್ದ ಟೀ ಲೋಟವನ್ನು ಆ ಬಾಯಿಗೇ ಅಪ್ಪಳಿಸಿ, ಮುದ್ದಕ್ಕನ ಹಿಂದೆ ಹೊಲದ ಕಡೆ ನಡೆದ.