ನೊರೆಯ ಮೇಲಿನ ಕಚ್ಚು

ಬಕೆಟ್ಟಿನ ಹಿಡಿ ಕಿರ್ ಎಂದಿತು, ಅವಳೇ, ದವ್ಲತ್‌ಮೋ, ಹೊಸ್ತಿಲಾಚೆಯೇ ನಿಂತಿದ್ದಾಳೆ, ಒಳಗೆ ಬಾ ಎನ್ನಬೇಕು — ಇವಳ ಗಂಡನೇ ಅಲ್ಲವೇ ಯುದ್ಧದ ಆ ಚಳಿಗಾಲ ಬಂದೂಕಿನವರಿಗೆ ನಮ್ಮ ಮನೆ ತೋರಿಸಿದ್ದು, ನನ್ನ ಮಗ ನಜ್ರಿ ಬೂಟಿನ ಲಾಡಿ ಕಟ್ಟಿಕೊಳ್ಳುತ್ತ, ಚಹಾ ಮುಚ್ಚಿಡಮ್ಮ, ಬಂದು ಕುಡೀತೀನಿ ಅಂದ, ಬರಲಿಲ್ಲ. ಆ ಗಂಡ ಆಮೇಲೆ ಇವಳನ್ನೂ ಕರಕೊಂಡು ನದಿ ದಾಟಿ ಓಡಿದ, ಆಚೆ ಅಫ್ಘಾನರ ನೆಲದಲ್ಲಿ ನಿರಾಶ್ರಿತರ ಡೇರೆಯಲ್ಲಿ ಸತ್ತನಂತೆ, ಇವಳು ಎರಡು ಹೆಣ್ಣುಮಕ್ಕಳ ಜೊತೆ ಊರಿಗೆ ಮರಳಿ ಹೇಗೋ ಒಂದು ಹಸು ಕಟ್ಟಿಕೊಂಡಳು, ಒಂದು ಹಸುವಿನ ಹಾಲಲ್ಲಿ ಚಳಿಗಾಲದ ಬೆಣ್ಣೆ ಎಲ್ಲಿಂದ ಬರಬೇಕು, ನಮ್ಮೂರಲ್ಲಿ ಯಾರಿಗೂ ಬರುವುದಿಲ್ಲ, ಅದಕ್ಕೇ ಹಾಲಿನ ಸರದಿ, ಎಲ್ಲ ಮನೆಯ ಹಾಲೂ ಒಂದು ದಿನ ಒಬ್ಬಳಿಗೆ, ಮರುದಿನ ಇನ್ನೊಬ್ಬಳಿಗೆ, ಕಡ್ಡಿ ಅದ್ದಿ ಹಾಲು ಮುಟ್ಟಿದಲ್ಲಿ ಚಾಕುವಿನಿಂದ ಕಚ್ಚು ಹಾಕಿಕೊಂಡರೆ ಮುಗಿಯಿತು, ಅಷ್ಟೇ ಹಾಲು ವಾಪಸ್ಸು ಬರಬೇಕು. ಇವಳಿಗೂ ಆ ಸರದಿಯಲ್ಲಿ ಸೇರಬೇಕಂತೆ. ಹಿರಿಯಳು ನಾನು, ನಾನು ಕೊಟ್ಟರೆ ಉಳಿದವರೂ ಕೊಡುತ್ತಾರೆ. ನಿನ್ನೆ ತಂದೂರಿನ ಹತ್ತಿರ ನೆರೆಮನೆಯ ಕುರ್ಬೊನ್‌ಗುಲ್ ಅಂದಳು, ದವ್ಲತ್‌ಮೋಳ ಹಸು ಇನ್ನೇನು ಬತ್ತುತ್ತೆ ಸಾವ್ರಿ ಅಕ್ಕಾ, ಈಗ ಬಾಚ್ಕೊಂಡು ಮತ್ತೆ ನದಿ ದಾಟಿದ್ರೆ ಅವಳ ಬದ್ಲು ನೀನು ಹಾಲು ಕೊಡ್ತೀಯಾ ಈ ವಯಸ್ಸಲ್ಲಿ, ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ಅವಳೇ ದನಿ ತಗ್ಗಿಸಿ, ನಿನ್ನಿಷ್ಟ ಬಿಡು, ಕಳಕೊಂಡವಳು ನೀನು. ನನ್ನಿಷ್ಟವೆಂಬುದು ಎಲ್ಲಿದೆ, ದ್ವೇಷಕ್ಕೂ ಮೈಯಲ್ಲಿ ಕಸುವು ಬೇಕು, ನನಗೆ ಸಾಕಾಗಿಹೋಗಿದೆ, ಹೊಸ್ತಿಲಾಚೆಯಿಂದ ಇವಳು, ಹಸು ಕರು ಹಾಕಿದ್ಮೇಲೆ ತೀರಿಸ್ತೀನಿ ಅಕ್ಕಾ, ಮಕ್ಕಳಿಗೆ ಬೇರೇನೂ ಇಲ್ಲ ಅನ್ನುತ್ತಿದ್ದಾಳೆ, ತಗೊಂಡ್ಹೋಗು ಅಂದದ್ದು ನಾನೇ. ಅವಳ ಬಕೆಟ್ಟಿಗೆ ಸುರಿದೆ, ನೊರೆ ಎದ್ದಿತು, ನೊರೆ ಇಳಿಯುವ ತನಕ ಕಾಯಬೇಕು, ಇಲ್ಲದಿದ್ದರೆ ಕೊಡದ ಹಾಲೂ ಸಾಲಕ್ಕೆ ಸೇರುತ್ತದೆ, ಸೊಸೆಯಂದಿರಿಗೆ ಮೊದಲು ಕಲಿಸುವುದೇ ಇದನ್ನು — ನಾನು ಕಾಯಲಿಲ್ಲ, ಕಡ್ಡಿ ಅದ್ದಿ ನೊರೆಯ ಅಂಚಿಗೇ ಬೆರಳಿಟ್ಟು, ಇಲ್ಲಿ ಹಾಕು ಕಚ್ಚು ಅಂದೆ. ಜಗಳಕ್ಕೆ ಬರಲಿ, ಒಂದೇ ಒಂದು ಮಾತಾಡಲಿ, ನಜ್ರಿಯ ಹೆಸರು ಹಿಡಿದು ಊರು ಕೇಳುವ ಹಾಗೆ ಕೂಗಿಬಿಡುತ್ತೇನೆ, ಇಷ್ಟು ವರ್ಷ ನುಂಗಿದ್ದೆಲ್ಲ — ಅವಳು ನೊರೆ ನೋಡಿದಳು, ನನ್ನ ಮುಖ ನೋಡಿದಳು, ಚಾಕು ತೆಗೆದಳು, ನನ್ನ ಬೆರಳಿಗಿಂತ ಮೇಲೆ, ಇನ್ನೂ ಮೇಲೆ, ಕಡ್ಡಿಯ ತುದಿಯ ಹತ್ತಿರ ಕಚ್ಚು ಹಾಕಿದಳು. ಇಷ್ಟು ಸಾಲ ನನ್ನ ಮೇಲಿರಲಿ ಅಕ್ಕಾ, ಅಂದಳು. ಹೋದಳು, ಕರೆಯಬೇಕು, ತಿದ್ದಬೇಕು, ಕಡ್ಡಿ ನನ್ನ ಕೈಯಲ್ಲೇ ಇದೆ, ಇಷ್ಟು ಹಾಲು ಯಾವ ಹಸು ಕೊಟ್ಟೀತು, ಹೆಬ್ಬೆರಳು ಅಲ್ಲಿಗೇ ಹೋಗುತ್ತದೆ, ಹಾಲು ಮುಟ್ಟದ ಜಾಗ, ನೊರೆಯೂ ಮುಟ್ಟದ ಜಾಗ, ಒಣ ಕಡ್ಡಿಯ ಮೇಲೆ ಆ ಹಸಿ ಕಚ್ಚು, ಮತ್ತೆ ಅಲ್ಲಿಗೇ, ಆ ಕಚ್ಚು —