ಅಟ್ಟದ ಮೇಲಿನ ಬಿರಡೆ

ಕೈಕಾಲು ನೆಟ್ಟಗಿರುವ ತನಕ ಸ್ನಾನ ಏನು ಮಹಾ! ನಾಲ್ಕು ಚೊಂಬು ಹುಯ್ದುಕೊಂಡರೆ ಮುಗಿಯಿತು. ಕೈ ಬಿದ್ದವರನ್ನು ಕೇಳಿ ನೋಡಿ, ಆ ನಾಲ್ಕು ಚೊಂಬಿನ ಬೆಲೆ ಅವರಿಗೆ ಗೊತ್ತು.

ಹೊಸದುರ್ಗದ ಹತ್ತಿರ ಒಂದು ಹಳ್ಳಿ. ಅಲ್ಲಿ ರೇವಣಸಿದ್ದಪ್ಪ ಎಂಬವನದು ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಅವನ ಹೆಂಡತಿ ದ್ಯಾಮಮ್ಮನಿಗೆ ಹೋದ ವರ್ಷ ಲಕ್ವ ಹೊಡೆಯಿತು. ಮಾತು ಉಳಿಯಿತು. ಕಾಲು ಮೆಲ್ಲಗೆ ಸುಧಾರಿಸಿತು. ಬಲಗೈ ಮಾತ್ರ ಬರಲೇ ಇಲ್ಲ. ಚಿವುಟಿದರೂ ಅದಕ್ಕೆ ತಿಳಿಯದು.

ಅಂದಿನಿಂದ ಸೊಸೆ ಏಕಾಂತಮ್ಮನೇ ದಿನಾ ಮೀಯಿಸಬೇಕು. ಸ್ನಾನ ಆಗದೆ ಲಿಂಗಪೂಜೆ ಇಲ್ಲ, ಪೂಜೆ ಆಗದೆ ದ್ಯಾಮಮ್ಮ ಬಾಯಿಗೆ ಹನಿ ನೀರು ಹಾಕುವವಳಲ್ಲ. ಸೊಸೆಗೋ ಹಾಲು ಕರೆಯುವುದು, ಮಕ್ಕಳು, ತೋಟದ ಆಳುಗಳ ಬುತ್ತಿ. ದ್ಯಾಮಮ್ಮ ಒಗೆದ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಚ್ಚಲ ಬಾಗಿಲಲ್ಲಿ ಕಾಯುತ್ತ ಕೂರುವಳು. ಕೆಲವು ದಿನ ಹೊತ್ತು ನೆತ್ತಿಗೆ ಬರುತ್ತಿತ್ತು. ಸೊಸೆ ಒಂದು ದಿನವೂ ಮುಖ ಗಂಟು ಹಾಕಿದವಳಲ್ಲ. ಆದರೂ ಊರಿನ ಎಷ್ಟೋ ಬಾಣಂತಿಯರಿಗೆ ತನ್ನ ಕೈಯಾರೆ ನೀರು ಹುಯ್ದಿದ್ದ ಹೆಂಗಸು ದ್ಯಾಮಮ್ಮ. ಈಗ ಮತ್ತೊಬ್ಬರ ಎದುರು ಬೆತ್ತಲೆ ಕೂರಬೇಕಲ್ಲ ಎಂದು ನಾಚಿಕೆಯಿಂದ ಹಿಡಿಯಾಗುತ್ತಿದ್ದಳು.

ರೇವಣಸಿದ್ದಪ್ಪ ಬಾಯಲ್ಲಿ ಒರಟ, ಹೊಟ್ಟೆಯಲ್ಲಿ ಒಳ್ಳೆಯವನು. ಚಿತ್ರದುರ್ಗದ ಒಂದು ಲಾಡ್ಜಿನಲ್ಲಿ ಶವರ್ ನೋಡಿ ಬಂದವನೇ, "ಲೇ, ಇನ್ನು ನೀನು ಯಾರ ಹಂಗೂ ಇಲ್ದೆ ಮೀಯ್ಬೌದು ಕಣೇ" ಎಂದ. ಊರಿಗೆ ಕರೆಂಟು ಬಂದು ನಾಲ್ಕು ವರ್ಷವಾಗಿತ್ತು. ಪೇಟೆಯಿಂದ ಒಬ್ಬ ಕೆಲಸಗಾರ ಬಂದು ತಾಮ್ರದ ಬಾಯ್ಲರ್ ಕೂರಿಸಿದ. ಕೆಳಗೆ ತೆಂಗಿನ ಮಟ್ಟೆಯ ಉರಿ, ಮಾಳಿಗೆಯ ಮೇಲೆ ತಣ್ಣೀರಿನ ಟ್ಯಾಂಕು. ಟ್ಯಾಂಕು ಎತ್ತರದಲ್ಲಿಲ್ಲದ್ದರಿಂದ ಶವರಿನಲ್ಲಿ ನೀರು ನೂಲಿನಂತೆ ಬರುತ್ತಿತ್ತು. ಅದಕ್ಕೆಂದು ಒಂದು ಸಣ್ಣ ಪಂಪು ಜೋಡಿಸಿ ಹೋದ.

ಮೊದಲ ದಿನ ದ್ಯಾಮಮ್ಮ ಬಾಗಿಲು ಹಾಕಿಕೊಂಡು ಒಬ್ಬಳೇ ಮಿಂದಳು. ಒಳಗೆ ಅತ್ತಳು ಕೂಡ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ವಾರ ಕಳೆಯುವುದರೊಳಗೆ ಪಂಪು ಕೆಮ್ಮತೊಡಗಿತು. ಒಂದು ಗುಟುಕು ನೀರು, ಒಂದು ಗುಟುಕು ಗಾಳಿ, ನಡುವೆ ಕಿರ್ರೆಂಬ ಕೂಗು. ಇನ್ನೊಂದು ತಲೆನೋವೂ ಇತ್ತು. ಬಾಯ್ಲರಿನ ನೆತ್ತಿಯಿಂದ ಹೊರಟ ಹಬೆಯ ಪೈಪನ್ನು ಆ ಕೆಲಸಗಾರ ಅಟ್ಟಕ್ಕೆ ಬಿಟ್ಟು ಕೈ ತೊಳೆದುಕೊಂಡಿದ್ದ. ಅಟ್ಟದ ತುಂಬ ಕೊಬ್ಬರಿಗೆಂದು ಕೂಡಿಟ್ಟ ತೆಂಗಿನಕಾಯಿ. ಹತ್ತು ಹನ್ನೊಂದು ತಿಂಗಳು ಬೆಚ್ಚಗೆ ಒಣಗಬೇಕಾದ ಕಾಯಿಗೆ ಹಬೆ ತಾಗಿದರೆ ಬೂಷ್ಟು ಹಿಡಿಯುತ್ತದೆ. ರೇವಣಸಿದ್ದಪ್ಪ ಅಟ್ಟ ಹತ್ತಿ, ಒಂದು ಮರದ ಗೂಟಕ್ಕೆ ನಾರು ಸುತ್ತಿ, ಪೈಪಿನ ಬಾಯಿಗೆ ಬಿರಡೆ ಹೊಡೆದುಬಿಟ್ಟ.

ಏನಾಶ್ಚರ್ಯ! ಪಂಪಿನ ಕೂಗೂ ನಿಂತಿತು.

"ನೋಡ್ದಾ? ಒಂದೇ ಗೂಟಕ್ಕೆ ಎರಡು ಕೆಲಸ" ಎಂದು ಮೀಸೆ ತಿರುವಿದ.

ಬಿರಡೆ ಹೊಡೆದ ಐದನೆಯ ದಿನ ದ್ಯಾಮಮ್ಮ ಶವರಿನ ಕೆಳಗೆ ನಿಂತಿದ್ದಳು. ಬಾಯ್ಲರು ಗುಡುಗುಡು ಅಂದಿತು. ಎಡಭುಜದ ಮೇಲೆ ನಾಲ್ಕು ಹನಿ ಕೆಂಡದಂತೆ ಬಿದ್ದವು. "ಅಯ್ಯಯ್ಯೋ" ಎನ್ನುತ್ತ ಹಿಂದಕ್ಕೆ ಸರಿದಳು. ಬಿದ್ದದ್ದು ಎಡಗಡೆ ಅಷ್ಟೇ ಎಂದುಕೊಂಡಿದ್ದಳು. ಏಕಾಂತಮ್ಮ ಓಡಿ ಬಂದು ನೋಡಿದರೆ ಬಲಗೈ ಮೊಣಕೈತನಕ ಬೊಬ್ಬೆ ಎದ್ದಿತ್ತು. ಸುಟ್ಟದ್ದು ಆ ಕೈಗೆ ತಿಳಿದೇ ಇರಲಿಲ್ಲ.

"ಅತ್ತೆ, ಕೈ ನೋಡ್ಕಳ್ರಿ!" ಎಂದು ಸೊಸೆ ತಣ್ಣೀರು ಹುಯ್ಯುತ್ತ ಅತ್ತುಬಿಟ್ಟಳು. ಆಸ್ಪತ್ರೆಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದದ್ದಾಯಿತು.

"ಸಾಕು ಈ ಹುಚ್ಚಾಟ. ಪಂಪು ಕಿತ್ತಾಕಿ ಬಿಡಾಣ" ಎಂದ ರೇವಣಸಿದ್ದಪ್ಪ.

ದ್ಯಾಮಮ್ಮನಿಗೆ ಮತ್ತೆ ಆ ಬಚ್ಚಲ ಬಾಗಿಲು, ಮಡಿಲಲ್ಲಿ ಸೀರೆ, ಕಾಯುವುದು ಎಲ್ಲ ಕಣ್ಣ ಮುಂದೆ ಬಂತು. "ನೆಗಡಿ ಬಂತು ಅಂತ ಮೂಗು ಕೊಯ್ಕಂತಾರೇನ್ರಿ? ಚಿತ್ರಲಿಂಗಪ್ಪನ್ನ ಒಂದ್ಸಲ ಕರೆಸ್ರಿ. ಅವನೂ ಆಗಲ್ಲ ಅಂದ್ರೆ ಕೀಳ್ರಿ, ನಾನು ತುಟಿ ಬಿಚ್ಚಲ್ಲ" ಅಂದಳು.

ಚಿತ್ರಲಿಂಗಪ್ಪ ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟು ರಿಪೇರಿ ಮಾಡುವವನು. ಅದಕ್ಕೆ ಮುಂಚೆ ದಾವಣಗೆರೆಯ ಒಂದು ಮಿಲ್ಲಿನಲ್ಲಿ ಎಂಟು ವರ್ಷ ಬಾಯ್ಲರಿನ ಹತ್ತಿರ ಕೆಲಸ ಮಾಡಿದ್ದ. ಕೈ ವಾಸಿಯಾಗುತ್ತಿದ್ದಂತೆ ಅವನು ಬಂದ. ಅವತ್ತು ಬೆಳಿಗ್ಗೆ ಸೊಸೆ ನೀರು ಕಾಯಿಸಲು ಬಾಯ್ಲರಿಗೆ ಉರಿ ಹಾಕಿದ್ದಳು. ಅವನು ಪಂಪನ್ನು ಮುಟ್ಟಲಿಲ್ಲ. ಬಾಯ್ಲರಿನ ಸದ್ದಿಗೆ ಕಿವಿ ಕೊಟ್ಟ.

"ಯಜಮಾನ್ರೆ, ಹಬೆ ಪೈಪು ಎಲ್ಲೈತೆ?"

"ಅಟ್ಟದಾಗೆ. ಅದಕ್ಕೆ ಬಿರಡೆ ಹೊಡ್ದೀನಪ್ಪ. ಇಲ್ದಿದ್ರೆ ಕೊಬ್ಬರಿ ಎಲ್ಲಾ ಹಾಳು. ಹಬೆ ಹೊರಗೋದ್ರೆ ಶಾಖನೂ ದಂಡ ಅಲ್ವಾ?"

ಚಿತ್ರಲಿಂಗಪ್ಪ ಥಟ್ಟನೆ ಏಕಾಂತಮ್ಮನ ಕಡೆ ತಿರುಗಿದ. "ಅಕ್ಕಯ್ಯ, ಮೊದ್ಲು ಉರಿ ಎಳೀರಿ! ಎಲ್ಲರೂ ಅಂಗಳಕ್ಕೆ ನಡೀರಿ!"

"ಅಷ್ಟೇ ತಾನೆ, ಈಗ್ಲೇ ಕಿತ್ತು ಬರ್ತೀನಿ" ಎಂದು ರೇವಣಸಿದ್ದಪ್ಪ ಏಣಿಗೆ ಕಾಲಿಟ್ಟ. ಚಿತ್ರಲಿಂಗಪ್ಪ ಅವನ ಪಂಚೆ ಹಿಡಿದೇ ಎಳೆದ.

"ಮುಟ್ಟಬ್ಯಾಡ್ರಿ! ಕಾದಿರುವಾಗ ಕಿತ್ರೆ ಹಬೆ ಮುಖಕ್ಕೇ ಹೊಡಿತದೆ. ಅಮ್ಮಾರ ಕೈ ಸುಟ್ಟದ್ದು ಸಾಲ್ದಾ?"

ಎಲ್ಲರೂ ಅಂಗಳದಲ್ಲಿ ಕೂತರು. ದ್ಯಾಮಮ್ಮ ಮೀಯದೆ, ಉಣ್ಣದೆ ಕೂತಿದ್ದಳು. ಬಾಯ್ಲರು ತಣ್ಣಗಾಗುವ ತನಕ ಮಾತು ನಡೆಯಿತು.

"ಎಸರಿಟ್ಟ ಮಡಕೆ ಮುಚ್ಚಳ ಯಾಕೆ ಕುಣಿತದೆ?" ಎಂದ ಚಿತ್ರಲಿಂಗಪ್ಪ. "ಒಳಗಿನ ಹಬೆ ದಾರಿ ಕೇಳ್ತದೆ. ಮುಚ್ಚಳ ಬಿಗಿದು ಕಟ್ಟಿ ಉರಿ ಹಾಕ್ತಾ ಇದ್ರೆ?"

"ಮಡಕೆ ಒಡೀತದೆ" ಎಂದಳು ಏಕಾಂತಮ್ಮ.

"ಇದೂ ಹಂಗೇ. ತಣ್ಣೀರಿನ ಪೈಪಿನಾಗೆ ನೀರು ವಾಪಸ್ ಹೋಗ್ದಂಗೆ ವಾಲ್ವು ಐತೆ. ಮೇಲೆ ನಿಮ್ಮ ಬಿರಡೆ. ಹಬೆ ಎಲ್ಲಿಗೆ ಹೋಗ್ಬೇಕು? ಶವರಿನಾಗೆ ಬಂತು. ಇನ್ನೊಂದಿನ ಬಾಯ್ಲರೇ ಸಿಡೀತಿತ್ತು."

ರೇವಣಸಿದ್ದಪ್ಪ ಸೋಲಲಿಲ್ಲ. "ಹಂಗಾದ್ರೆ ಬಿರಡೆ ಹೊಡೆದ ಮೇಲೆ ಪಂಪಿನ ಕೂಗು ಯಾಕೆ ನಿಂತಿತು? ಅದ್ಹೇಳು."

"ಪಂಪಿನ ಪೈಪನ್ನ ಹಬೆ ಪೈಪಿಗೇ ಜೋಡಿಸವ್ನೆ ಆ ಪೇಟೆ ಪುಣ್ಯಾತ್ಮ. ಬಾಯಿ ತೆರೆದಿದ್ದಾಗ ಪಂಪು ನೀರಿನ ಜತೆ ಗಾಳಿ ಎಳೀತಿತ್ತು, ಅದಕ್ಕೆ ಕೂಗ್ತಿತ್ತು. ನೀವು ಗಾಳಿ ನಿಲ್ಲಿಸಿದ್ರಿ, ಕೂಗು ನಿಂತೋಯ್ತು. ಕಾಯಿಲೆ ಒಳಗೇ ಉಳೀತು."

ರೇವಣಸಿದ್ದಪ್ಪ ಹೆಂಡತಿಯ ಕೈ ಪಟ್ಟಿ ನೋಡಿದ. "ನಿನ್ನ ಸುಟ್ಟೋನು ನಾನೇ ಕಣೇ" ಎಂದ.

"ನಂಗೋಸ್ಕರ ಶವರು ತಂದೋರೂ ನೀವೇ ಅಲ್ವಾ? ಆಗಿದ್ದಾಯ್ತು, ಈಗ ಅವನು ಹೇಳ್ದಂಗೆ ಕೇಳ್ರಿ" ಎಂದಳು ದ್ಯಾಮಮ್ಮ.

ಬಾಯ್ಲರು ಪೂರ್ತಿ ಆರಿದ ಮೇಲೆ ಚಿತ್ರಲಿಂಗಪ್ಪ ಬಿರಡೆ ಕಿತ್ತ. ಹಬೆಯ ಪೈಪನ್ನು ಮಾಳಿಗೆ ದಾಟಿಸಿ, ಟ್ಯಾಂಕಿಗಿಂತ ಎತ್ತರಕ್ಕೆ ಒಯ್ದು, ಮಳೆ ಬೀಳದಂತೆ ಕೊಡೆಯ ಹಿಡಿಯ ಹಾಗೆ ಬಗ್ಗಿಸಿ ಬಿಟ್ಟ. ಕೊಬ್ಬರಿಯೂ ಉಳಿಯಿತು. ಹೊಸದುರ್ಗದ ಕಂಚುಗಾರರ ಹತ್ತಿರ ಬಾಯ್ಲರಿನ ಪಕ್ಕೆಗೆ, ಹಬೆ ನಿಲ್ಲುವ ನೆತ್ತಿಗಿಂತ ಕೆಳಗೆ, ಬೇರೆ ತೂತು ಮಾಡಿಸಿ ಪಂಪಿಗೆ ಅಲ್ಲಿಂದ ನೀರು ಕೊಟ್ಟ. ಶವರಿಗೆ ಬಿಸಿನೀರು ತಣ್ಣೀರು ಬೆರೆಸುವ ಎರಡು ನಲ್ಲಿ ಹಾಕಿದ. ಪಂಪಿಗೆ ಅರ್ಥಿಂಗ್ ತಂತಿ ಎಳೆದು, ಒದ್ದೆ ಕೈ ತಾಗದಿರಲೆಂದು ಸ್ವಿಚ್ಚನ್ನು ಬಚ್ಚಲ ಹೊರಗೆ ಇಟ್ಟ.

"ಅಮ್ಮಾರೆ, ಮೊದ್ಲು ತಣ್ಣೀರು, ಆಮೇಲೆ ಬಿಸಿನೀರು. ಎಡಗೈ ಒಡ್ಡಿ ನೋಡ್ಕಂಡು ಆಮೇಲೆ ಮೈ ಒಡ್ರಿ. ಬಲಗೈನ ಮಾತು ನಂಬಬ್ಯಾಡ್ರಿ" ಎಂದು ಹೇಳಿ ಹೊರಟ.

ಈಗ ಆ ಮನೆಗೆ ಬೆಳಿಗ್ಗೆ ಹೋಗಿ ನೋಡಿ. ಬಚ್ಚಲ ಬಾಗಿಲಲ್ಲಿ ಕಾಯುತ್ತ ಕೂರುವವನು ರೇವಣಸಿದ್ದಪ್ಪ. ಸ್ವಿಚ್ಚಿನ ಕೆಳಗೆ ಮಣೆ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತಾನೆ.

"ಹಾಕ್ರಿ" ಎಂದು ಒಳಗಿನಿಂದ ದನಿ. ಹಾಕುತ್ತಾನೆ.

ಸ್ವಲ್ಪ ಹೊತ್ತಾದ ಮೇಲೆ, "ಸಾಕೇನೇ? ವ್ಯಾಪಾರಕ್ಕೆ ಹೊತ್ತಾಯ್ತು" ಎನ್ನುತ್ತಾನೆ.

"ಕೂತ್ಕಳ್ರಿ ಸುಮ್ನೆ. ವರ್ಷವೆಲ್ಲಾ ನಾನು ಕುಂತಿರ್ಲಿಲ್ವಾ?" ಎನ್ನುತ್ತಾಳೆ ದ್ಯಾಮಮ್ಮ. ಅವನು ನಗುತ್ತ ಕೂತಿರುತ್ತಾನೆ.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯಲ್ಲೂ ಬಾಯ್ಲರ್ ಇದ್ದರೆ, ಉರಿ ಇಲ್ಲದ ಹೊತ್ತಿನಲ್ಲಿ, ಅದು ಪೂರ್ತಿ ತಣ್ಣಗಾದ ಮೇಲೆ ಹಬೆಯ ಪೈಪು ಎಲ್ಲಿಗೆ ಹೋಗಿದೆ ನೋಡಿ ಬನ್ನಿ. ಅದರ ಬಾಯಿಗೆ ಗೂಟ, ಬಟ್ಟೆ, ನಾರು ಏನೂ ಇರಕೂಡದು. ಪಂಪು ಕೂಗಿದರೆ ಅದರ ಬಾಯಿ ಮುಚ್ಚಿಸಬೇಡಿ, ಬಲ್ಲವರನ್ನು ಕರೆಸಿ ಯಾಕೆ ಕೂಗುತ್ತಿದೆ ಎಂದು ಕೇಳಿ. ಮುದುಕರು, ಮಕ್ಕಳು, ಕೈಕಾಲಿಗೆ ಸ್ಪರ್ಶ ಇಲ್ಲದವರು ಮೀಯುವ ಮುಂಚೆ ನೀರಿನ ಬಿಸಿಯನ್ನು ಸ್ಪರ್ಶ ಇರುವ ಕೈಯಿಂದಲೇ ನೋಡಬೇಕು. ಇಷ್ಟು ಮಾಡಿ. ನಿಮ್ಮ ಮನೆಯ ದ್ಯಾಮಮ್ಮ ನಾಳೆ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಧೈರ್ಯವಾಗಿ, ಒಬ್ಬಳೇ ಮೀಯಲಿ.